ನಮ್ಮ ಕಾರಿನ ನಡುಕ

ವಯಸ್ಸಾದ ಮನುಷ್ಯನ ಕೈ ನಡುಗಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಕಾಫಿಯ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಾರೆ, ಅಷ್ಟೆ. ವಯಸ್ಸಾದ ಕಾರಿನ ಸಮಾಚಾರ ಬೇರೆ. ಅದು ತಾನು ನಡುಗುವುದಲ್ಲದೆ ಹಿಡಿದವನ ಕೈಯನ್ನೂ ನಡುಗಿಸುತ್ತದೆ. ಪಕ್ಕದಲ್ಲಿ ಕುಳಿತವರ ಎದೆಯನ್ನೂ ನಡುಗಿಸುತ್ತದೆ. ಕಡೆಗೆ ಮನೆಯಲ್ಲಿ ಒಂದು ದೊಡ್ಡ ಚರ್ಚೆಯನ್ನೇ ಎಬ್ಬಿಸುತ್ತದೆ. ಕೈನಡುಕ ಬಂದ ಮುದುಕನನ್ನು ಗುಜರಿಗೆ ಹಾಕಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರಿನ ವಿಷಯದಲ್ಲಿ ಆ ದಾಕ್ಷಿಣ್ಯವೂ ಇಲ್ಲ.

ನಮ್ಮದು 1985ರ ಅಂಬಾಸಿಡರ್. ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿದ್ದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಎರಕ ಹೊಯ್ದ ಈ ಗಾಡಿ 1950ರ ದಶಕದ ಕೊನೆಯಲ್ಲಿ ನಮ್ಮ ರಸ್ತೆಗಳಿಗೆ ಇಳಿಯಿತು. 2014ರ ಮೇ ತಿಂಗಳಿನಲ್ಲಿ ಅದರ ತಯಾರಿಕೆ ನಿಂತಿತು. ಮಂತ್ರಿಗಳಿಂದ ಹಿಡಿದು ಮದುವಣಿಗನವರೆಗೆ ಎಲ್ಲರನ್ನೂ ಹೊತ್ತ ವಾಹನವದು. ಒಳಗೆ ಕುಳಿತರೆ ಮನೆಯ ಜಗಲಿಯ ಮೇಲೆ ಕುಳಿತ ಹಾಗೆ. ಗೇರು ಸ್ಟಿಯರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಈ ಬೆಂಚಿನ ಎತ್ತರವೇ ನಮ್ಮ ಮನೆಯಲ್ಲಿ ಆ ಕಾರು ಈಗಲೂ ಉಳಿದಿರುವುದಕ್ಕೆ ಕಾರಣ.

ಮಂಡ್ಯದಲ್ಲಿರುವ ನಮ್ಮ ಅಕ್ಕನಿಗೆ ಎಂಬತ್ತನಾಲ್ಕು ವರ್ಷ. ಮಂಡಿಗಳು ಮಡಿಸುವುದಿಲ್ಲ. ಈಗಿನ ಕಾರುಗಳಲ್ಲಿ ಕುಳಿತುಕೊಳ್ಳುವುದೆಂದರೆ ಬಾವಿಗೆ ಇಳಿದಂತೆ ಎಂದು ಆಕೆಯ ಅಭಿಪ್ರಾಯ. ಒಮ್ಮೆ ಸೋದರಳಿಯನ ಹೊಸ ಕಾರಿನಲ್ಲಿ ಕುಳಿತು, ಇಳಿಯುವಾಗ ಇಬ್ಬರು ಹಿಡಿದೆತ್ತಬೇಕಾಯಿತು. “ನನ್ನನ್ನು ಹೊರಗೆ ತೆಗೆಯುವುದಕ್ಕೆ ರಾಟೆ ಹಗ್ಗ ಒಂದು ತರಬೇಕಾಗಿತ್ತು ಕಣೋ” ಎಂದಳು. ಅಂಬಾಸಿಡರಿನಲ್ಲಾದರೆ ಬಾಗಿಲು ಅಗಲ, ಸೀಟು ಎತ್ತರ; ಸೀರೆಯ ನೆರಿಗೆ ಹಿಡಿದು ತಾನೇ ಹತ್ತಿ ಕೂರುತ್ತಾಳೆ. 2025ರ ಮೊದಲಿಂದ ಆಕೆಯ ಕಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್ ಕೊಡಿಸಬೇಕಾಯಿತು. ತಪ್ಪಿದರೆ ಇರುವ ದೃಷ್ಟಿಯೂ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಹೀಗಾಗಿ ಮೈಸೂರಿನಿಂದ ನಾನು ಹೋಗಿ ಕರೆದುಕೊಂಡು ಬರುವುದು, ಮಾರನೆಯ ದಿನ ಬಿಟ್ಟು ಬರುವುದು ಗೊತ್ತಾಯಿತು.

ನಡುಕ ಕಂಡದ್ದು ಆ ಪ್ರಯಾಣದಲ್ಲಿ. ಅದಕ್ಕೆ ಮೊದಲು ನಮ್ಮ ಕಾರು ಊರೊಳಗೆ ಓಡಾಡುತ್ತಿತ್ತು. ಹೆಚ್ಚೆಂದರೆ ಹಳೆಯ ರಸ್ತೆಯಲ್ಲಿ ಶ್ರೀರಂಗಪಟ್ಟಣದವರೆಗೆ. ಹಳೆಯ ರಸ್ತೆ ದಯಾಳು. ಕಬ್ಬಿನ ಗಾಡಿ, ಉಬ್ಬು, ಊರು, ಎಮ್ಮೆ, ಎಳನೀರಿನವನು ಇಷ್ಟೆಲ್ಲದರ ನಡುವೆ ಐವತ್ತು ಕಿಲೋಮೀಟರಿನ ವೇಗ ಮುಟ್ಟುವುದೇ ಅಪರೂಪ. ವೇಗವಿಲ್ಲದ ಕಡೆ ಗುಟ್ಟು ಬಯಲಾಗುವುದಿಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನಮ್ಮ ಕಾರು ಹತ್ತಿದ್ದು ಅಕ್ಕನ ದೆಸೆಯಿಂದ. ರಸ್ತೆ ನುಣ್ಣಗಿತ್ತು. ಮುಳ್ಳು ಅರವತ್ತು ದಾಟಿತು, ಎಪ್ಪತ್ತು ದಾಟಿತು. ಎಪ್ಪತ್ತೈದಕ್ಕೆ ಬಂದಾಗ ಸ್ಟಿಯರಿಂಗು ನನ್ನ ಎರಡೂ ಕೈಯೊಳಗೆ ಹಿಡಿದ ಪಾರಿವಾಳದಂತೆ ಒದ್ದಾಡತೊಡಗಿತು. ಎಂಬತ್ತಕ್ಕೆ ಕನ್ನಡಿಯೂ ಕುಣಿಯಿತು. ಅರವತ್ತಕ್ಕೆ ಇಳಿಸಿದರೆ ಏನೂ ನಡೆಯಲೇ ಇಲ್ಲವೆಂಬಂತೆ ಶಾಂತ.

ಅಕ್ಕ ಬಲಗೈಯಿಂದ ಡ್ಯಾಶ್‌ಬೋರ್ಡನ್ನು ಮುಟ್ಟಿ ನೋಡಿದಳು. “ಇದಕ್ಕೆ ಚಳಿಜ್ವರ ಬಂದಿದೆ, ಕಷಾಯ ಕುಡಿಸು” ಎಂದಳು.

ನಮ್ಮ ದೇಶದಲ್ಲಿ ಕಷಾಯ ಹೇಳುವವರಿಗೆ ಬರವಿಲ್ಲ. ಊರಿಗೆ ಬಂದು ನಾನು ವಿಷಯ ತೆಗೆದದ್ದೇ ತಡ, ಪಕ್ಕದ ಮನೆಯ ನಿವೃತ್ತ ಇಂಜಿನಿಯರು “ಅಲೈನ್‌ಮೆಂಟ್” ಎಂದರು. ಎದುರು ಮನೆಯವರು “ಬೇರಿಂಗು” ಎಂದರು. ಬೆಳಗಿನ ವಾಕಿಂಗಿನ ಗೆಳೆಯರೊಬ್ಬರು ಎಂಜಿನ್ನಿನ ಕೆಳಗಿನ ರಬ್ಬರು ಹೋಗಿದೆಯೆಂದು ಪಂಥ ಕಟ್ಟುವುದಕ್ಕೆ ಸಿದ್ಧರಾದರು. ಸೋದರಳಿಯ ಮಾತ್ರ ರೋಗದ ಹೆಸರು ಹೇಳುವ ಗೋಜಿಗೆ ಹೋಗಲಿಲ್ಲ. “ಮಾವ, ಅದನ್ನು ಕೊಟ್ಟುಬಿಡಿ. ನವೆಂಬರಿನಲ್ಲಿ ಮತ್ತೆ ರಿಜಿಸ್ಟ್ರೇಷನ್ ಮಾಡಿಸಬೇಕಲ್ಲ” ಎಂದ. ಅವನ ಮಾತಿನಲ್ಲಿ ಲೆಕ್ಕ ತಪ್ಪಿರಲಿಲ್ಲ. ಹದಿನೈದು ವರ್ಷ ತುಂಬಿದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಕಾರನ್ನು ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ಹೊಸದು ಮಾಡಿಸಬೇಕು. ಆರುನೂರು ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲಿನಲ್ಲಿ ಐದು ಸಾವಿರವಾಯಿತು. 2025ರಲ್ಲಿ, ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ, ಹತ್ತು ಸಾವಿರವಾಯಿತು. ನಡುಗುವ ಕಾರಿಗೆ ಇಷ್ಟು ಸುರಿಯುವುದೇ ಎಂಬುದು ಅವನ ಪ್ರಶ್ನೆ. ನನ್ನ ಪ್ರಶ್ನೆ ಬೇರೆ. ಅಕ್ಕ ಯಾವುದರಲ್ಲಿ ಬರುತ್ತಾಳೆ? ಮತ್ತು, ಈ ನಡುಕದಲ್ಲಿ ಅವಳನ್ನು ಕೂರಿಸಬಹುದೇ?

ಊರ ಹೊರಗಿನ ಒಂದು ದೊಡ್ಡ ಗ್ಯಾರೇಜಿಗೆ ಕೊಂಡೊಯ್ದೆ. ಅಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯುವಕನೊಬ್ಬ ಬಹಳ ಮರ್ಯಾದೆಯಿಂದ ಬರಮಾಡಿಕೊಂಡು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೈಯಲ್ಲಿದ್ದ ಗಾಜಿನ ಹಲಗೆಯ ಮೇಲೆ ಬೆರಳಾಡಿಸಿ, ಹನ್ನೊಂದು ಬಾಬುಗಳ ಪಟ್ಟಿಯೊಂದನ್ನು ತೋರಿಸಿದ. ಒಟ್ಟು ನಲವತ್ತೆರಡು ಸಾವಿರ ರೂಪಾಯಿ. ಕಾರನ್ನು ಅವನು ಓಡಿಸಿ ನೋಡಿರಲಿಲ್ಲ. ಯಾವಾಗ ನಡುಗುತ್ತದೆಂದು ಕೇಳಿರಲೂ ಇಲ್ಲ. ಎಲ್ಲವನ್ನೂ ಬದಲಾಯಿಸಿದರೆ ಯಾವುದೋ ಒಂದು ಸರಿಯಾಗಿಯೇ ಆಗುತ್ತದೆಂಬ ಚಿಕಿತ್ಸಾಕ್ರಮವದು. ಅಲ್ಲಿಂದ ಟೈರಿನ ಅಂಗಡಿಗೆ ಹೋದರೆ ಆತ ಇನ್ನೂ ಸರಳ: “ಬ್ಯಾಲೆನ್ಸಿಂಗ್ ಮಾಡಿ ಸೀಸ ಹೊಡೆದುಬಿಡ್ತೀನಿ ಸಾರ್, ಹತ್ತು ನಿಮಿಷ, ನಡುಕ ನಿಂತುಹೋಗ್ತದೆ.” ಈ ಮಾತು ಬಹುಮಟ್ಟಿಗೆ ನಿಜ. ಅದರ ಭಯಂಕರತೆ ನನಗೆ ಮಾರನೆಯ ದಿನ ತಿಳಿಯಿತು. ಆ ಹೊತ್ತಿಗೆ ಅವನ ಯಂತ್ರದ ಮುಂದೆ ಏಳು ಕಾರುಗಳು ನಿಂತಿದ್ದವು. ನಾನು ಕಾಯದೆ ಬಂದೆ.

ಮಾರನೆಯ ದಿನ ಹೋದದ್ದು ಇಟ್ಟಿಗೆಗೂಡಿನ ಕಡೆಯ ಒಂದು ತಗಡಿನ ಶೆಡ್ಡಿಗೆ. ಅಲ್ಲಿಯ ಮೇಸ್ತ್ರಿ ಎಪ್ಪತ್ತು ದಾಟಿದವರು. ಹದಿಮೂರನೆಯ ವಯಸ್ಸಿನಿಂದ ಅಂಬಾಸಿಡರು, ಫಿಯಟ್ಟುಗಳ ಹೊಟ್ಟೆಯ ಕೆಳಗೆ ಮಲಗಿ ಬದುಕು ಸವೆಸಿದವರು. ನಾನು ಹೇಳಿದ್ದನ್ನು ಕೇಳಿ ಅವರು ಸ್ಪ್ಯಾನರಿಗೆ ಕೈ ಹಾಕಲಿಲ್ಲ. ಸ್ಟೂಲು ಎಳೆದು ಕುಳಿತು, ನಾಡಿ ನೋಡುವ ಪಂಡಿತರ ಹಾಗೆ, ಒಂದೊಂದೇ ಪ್ರಶ್ನೆ ಕೇಳಿದರು.

“ನಿಂತಿರುವಾಗ ನಡುಗ್ತದಾ ಸ್ವಾಮಿ?”

“ಇಲ್ಲ.”

“ಹಂಗಾದ್ರೆ ಎಂಜಿನ್ ರಬ್ಬರ್ ಬಿಟ್ಟುಬಿಡಿ. ಬ್ರೇಕ್ ಹಿಡಿದಾಗ ಮಾತ್ರಾನೋ, ಹಿಡೀದಿದ್ರೂನೋ?”

“ಹಿಡಿಯದಿದ್ದರೂ ನಡುಗುತ್ತದೆ. ಹಿಡಿದರೆ ಹೆಚ್ಚೇನೂ ಆಗುವುದಿಲ್ಲ.”

“ಡ್ರಮ್ ಬಿಟ್ಟುಬಿಡಿ. ಅದು ದುಂಡಗಿಲ್ಲದಿದ್ರೆ ಬ್ರೇಕ್ ಹಿಡಿದಾಗ ಪೆಡಲ್ಲು ಕಾಲಿಗೆ ಹೇಳ್ತದೆ. ಓಡ್ತಾ ಇರೋವಾಗ ನ್ಯೂಟ್ರಲ್ ಮಾಡಿ ನೋಡಿದ್ರಾ?”

“ನೋಡಿದೆ. ಆಗಲೂ ನಿಲ್ಲಲಿಲ್ಲ.”

“ಎಂಜಿನ್ನೂ ಕ್ಲಚ್ಚೂ ಬಿಟ್ಟುಬಿಡಿ. ನಡುಕ ಕೈಗೋ, ಕೂತ ಜಾಗಕ್ಕೋ?”

“ಕೈಗೆ.”

“ಕೂತ ಜಾಗಕ್ಕಾಗಿದ್ರೆ ಹಿಂದಿನ ಚಕ್ರ, ಇಲ್ಲಾ ಪ್ರೊಪೆಲ್ಲರ್ ಷಾಫ್ಟ್. ಕೈಗೆ ಬಂದ್ರೆ ಮುಂದಿನದು. ಎಷ್ಟು ಸ್ಪೀಡಿನಾಗೆ?”

“ಎಪ್ಪತ್ತರಿಂದ ಎಂಬತ್ತೈದು.”

ಮೇಸ್ತ್ರಿ ತಲೆಯಾಡಿಸಿದರು. ಐದು ಪ್ರಶ್ನೆಗಳಲ್ಲಿ, ಒಂದು ಕಾಸಿನ ಖರ್ಚಿಲ್ಲದೆ, ಹನ್ನೊಂದು ಬಾಬುಗಳ ಪಟ್ಟಿ ಮೂರಕ್ಕೆ ಇಳಿದಿತ್ತು. ಟೈರು, ಚಕ್ರದ ಬೇರಿಂಗು, ಸ್ಟಿಯರಿಂಗಿನ ಕೀಲುಗಳು. ರೋಗನಿದಾನವೆಂದರೆ ಕಾರಣವನ್ನು ಹುಡುಕುವುದು ಮಾತ್ರವಲ್ಲ, ಕಾರಣವಲ್ಲದ್ದನ್ನು ಒಂದೊಂದಾಗಿ ಬಾಗಿಲಿನಿಂದ ಹೊರಗೆ ಕಳುಹಿಸುವುದು ಎಂಬುದನ್ನು ನಾನು ವೈದ್ಯಗ್ರಂಥಗಳಲ್ಲಿ ಓದಿರಲಿಲ್ಲ. ಆ ಸ್ಟೂಲಿನ ಎದುರು ನಿಂತು ತಿಳಿದೆ.

“ಅಲೈನ್‌ಮೆಂಟ್ ಅಂತಾರಲ್ಲ ಎಲ್ಲರೂ?” ಎಂದೆ.

“ಅದು ತಪ್ಪಿದ್ರೆ ಗಾಡಿ ಒಂದ್ಕಡೆ ಎಳೀತದೆ, ಟೈರು ತಿಂತದೆ. ನಡುಗಿಸೋದು ಅದರ ಕೆಲಸ ಅಲ್ಲ. ತಿಂದ ಟೈರು ಆಮೇಲೆ ನಡುಗಿಸಬಹುದು, ಅಷ್ಟೆ.”

ಜಾಕು ಕೊಟ್ಟು, ಅದನ್ನು ನಂಬದೆ ಕೆಳಗೆ ಕಬ್ಬಿಣದ ಸ್ಟ್ಯಾಂಡನ್ನೂ ಇಟ್ಟು, ಎಡಗಡೆಯ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದರು. ಮೊದಲು ಟೈರಿನ ಮೈಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದರು: 1114. ಅಂದರೆ 2014ನೆಯ ಇಸವಿಯ ಹನ್ನೊಂದನೆಯ ವಾರದಲ್ಲಿ ತಯಾರಾದದ್ದು. ಪ್ರತಿ ಟೈರಿನ ಮೇಲೂ ಅದರ ಜಾತಕ ಹೀಗೆ ಬರೆದಿರುತ್ತದೆ. ನಮ್ಮ ಕಾರು ಹೆಚ್ಚು ಓಡದ್ದರಿಂದ ಟೈರಿನ ಗೀರುಗಳು ಹೊಸದರಂತೆ ಆಳವಾಗಿಯೇ ಇದ್ದವು. ಆದರೆ ರಬ್ಬರಿಗೆ ಓಡಿದರೆ ಮಾತ್ರ ವಯಸ್ಸಾಗುವುದಿಲ್ಲ, ನಿಂತಿದ್ದರೂ ಆಗುತ್ತದೆ. ಗಾಳಿ ಬಿಸಿಲಿಗೆ ಅದು ಗಡುಸಾಗುತ್ತದೆ, ಬಿರಿಯುತ್ತದೆ, ಒಳಗಿನ ಪದರಗಳು ಒಂದನ್ನೊಂದು ಬಿಡುತ್ತವೆ.

ಬಳಿಕ ಚಕ್ರವನ್ನು ಕೈಯಿಂದ ತಿರುಗಿಸಿ ಬಿಟ್ಟರು. ಅದು ಸುತ್ತಿ ಸುತ್ತಿ, ಸ್ವಲ್ಪ ಹಿಂದುಮುಂದಾಗಿ ತೂಗಿ, ನಿಂತಿತು. ಕೆಳಗಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಇನ್ನೊಮ್ಮೆ ತಿರುಗಿಸಿದರು, ಗುರುತು ಕೆಳಗೆ. ಮೂರನೆಯ ಸಲವೂ ಹಾಗೆಯೇ. ಆ ಮಗ್ಗುಲು ಭಾರ ಎಂದಾಯಿತು. ಆಮೇಲೆ ಸೀಮೆಸುಣ್ಣವನ್ನು ತಿರುಗುವ ಟೈರಿನ ಹತ್ತಿರ, ತಾಗಿಯೂ ತಾಗದಂತೆ, ಅಲುಗದೆ ಹಿಡಿದರು. ಒಂದು ಗೇಣುದ್ದ ಜಾಗದಲ್ಲಿ ಮಾತ್ರ ಬಿಳಿಯ ಗೆರೆ ಬಿತ್ತು. ಅಲ್ಲಿ ಟೈರು ಒಳಗಿನಿಂದ ಉಬ್ಬಿತ್ತು. ಕಣ್ಣಿಗೆ ಕಾಣದ್ದನ್ನು ಎಂಟಾಣೆಯೂ ಬಾಳದ ಒಂದು ತುಂಡು ಸುಣ್ಣ ಬರೆದು ತೋರಿಸಿತು.

ಇಷ್ಟು ಸಣ್ಣ ಭಾರ ಅಷ್ಟು ದೊಡ್ಡ ಕಾರನ್ನು ಹೇಗೆ ನಡುಗಿಸೀತು ಎಂದು ಓದುಗರಿಗೆ ಅನುಮಾನ ಬರಬಹುದು. ನನಗೂ ಬಂದಿತ್ತು; ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಅಂಬಾಸಿಡರಿನ ಚಕ್ರ ಒಂದು ಸುತ್ತಿಗೆ ಸುಮಾರು ಎರಡು ಮೀಟರು ಸಾಗುತ್ತದೆ. ಎಂಬತ್ತು ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ಸುಮಾರು ಹನ್ನೊಂದು ಸುತ್ತು. ಹದಿನೈದು ಅಂಗುಲದ ರಿಮ್ಮಿನ ಅಂಚಿನಲ್ಲಿ ಬರಿಯ ಮೂವತ್ತು ಗ್ರಾಂ ಹೆಚ್ಚಾಗಿದ್ದರೂ, ಆ ವೇಗದಲ್ಲಿ ಅದು ಸುಮಾರು ಎರಡೂ ಮುಕ್ಕಾಲು ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ. ಒಮ್ಮೆ ಮೇಲಕ್ಕೆ, ಒಮ್ಮೆ ಮುಂದಕ್ಕೆ, ಒಮ್ಮೆ ಕೆಳಕ್ಕೆ, ಹೀಗೆ ಸೆಕೆಂಡಿಗೆ ಹನ್ನೊಂದು ಸಲ. ವೇಗ ಅರ್ಧವಾದರೆ ಈ ಬಲ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಹಳೆಯ ರಸ್ತೆಯಲ್ಲಿ ಗುಟ್ಟು ಉಳಿದದ್ದು ಹೀಗೆ.

ಎಂಬತ್ತಕ್ಕೇ ಏಕೆ, ಇನ್ನೂ ಮೇಲಕ್ಕೆ ಹೋದರೆ ಏಕೆ ಸ್ವಲ್ಪ ತಗ್ಗುತ್ತದೆ ಎಂಬುದಕ್ಕೆ ಉಯ್ಯಾಲೆಯನ್ನು ನೆನೆದರೆ ಸಾಕು. ಉಯ್ಯಾಲೆಗೆ ತನ್ನದೇ ಒಂದು ತಾಳವಿದೆ. ಆ ತಾಳಕ್ಕೆ ಸರಿಯಾಗಿ ಒಂದು ಬೆರಳಿನಿಂದ ನೂಕಿದರೂ ಮಗು ಆಕಾಶಕ್ಕೆ ಏರುತ್ತದೆ. ತಾಳ ತಪ್ಪಿ ಎರಡು ಕೈಯಿಂದ ನೂಕಿದರೂ ಏರುವುದಿಲ್ಲ. ಚಕ್ರ, ಅದರ ಕಂಬಿ, ಟೈರಿನ ಗಾಳಿ ಇವೆಲ್ಲ ಸೇರಿದ ಸಂಸಾರಕ್ಕೂ ಅಂಥ ಒಂದು ತಾಳವಿದೆ. ಸುತ್ತಿನ ಲೆಕ್ಕ ಅದಕ್ಕೆ ಕೂಡಿಬಂದಾಗ ಮೂವತ್ತು ಗ್ರಾಂ ಕುಣಿಸಿಬಿಡುತ್ತದೆ.

ಕಾರಣ ಸಿಕ್ಕಿತೆಂದು ನಾನು ಏಳುವುದರಲ್ಲಿದ್ದೆ. ಮೇಸ್ತ್ರಿ ಏಳಲಿಲ್ಲ. “ಟೈರು ನೂಕ್ತಾ ಇದೆ, ಸರಿ. ನೂಕಿದ್ದು ಕೈವರೆಗೂ ಇಷ್ಟು ಜೋರಾಗಿ ಬರಬೇಕಾದ್ರೆ ನಡುವೆ ಯಾರೋ ದಾರಿ ಬಿಟ್ಟಿದಾರೆ” ಎಂದರು.

ಚಕ್ರವನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿದರು. ಬಿಗಿಯಾಗಿತ್ತು. ಅಲುಗಿದ್ದರೆ ಬೇರಿಂಗು ಇಲ್ಲವೆ ಚಕ್ರ ಹೊರುವ ಪಿನ್ನು. ಯಾವುದೆಂದು ತಿಳಿಯಲು ಯಾರಾದರೂ ಬ್ರೇಕು ಒತ್ತಬೇಕಂತೆ. ಅಲುಗಾಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಪಿನ್ನು. ಆಮೇಲೆ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದರು. ಕೂದಲೆಳೆಯಷ್ಟು ಅಲುಗಿತು. ಕಾರನ್ನು ಇಳಿಸಿ, ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ, ಎಡಕ್ಕೆ ಬಲಕ್ಕೆ ಎರಡೆರಡು ಬೆರಳಗಲ ತಿರುಗಿಸುತ್ತಿರಿ ಎಂದು ಹೇಳಿ ಕೆಳಗೆ ತೂರಿದರು. ಸ್ವಲ್ಪ ಹೊತ್ತಿನ ಮೇಲೆ ಕರೆದರು. ನಾನು ಇಳಿದು ಮಂಡಿಯೂರಿದೆ. ಶೆಡ್ಡಿನ ಹುಡುಗ ಸ್ಟಿಯರಿಂಗು ಹಿಡಿದ. ಮೇಸ್ತ್ರಿ ನನ್ನ ಕೈಯನ್ನು ಹಿಡಿದು ಟೈ ರಾಡಿನ ತುದಿಯ ಗುಂಡುಕೀಲಿನ ಮೇಲೆ ಇಟ್ಟರು. ಅಂಗೈಯೊಳಗೆ ಟಕ್, ಟಕ್ ಎಂದು ಏನೋ ಬಡಿಯಿತು. ಕೀಲಿನ ರಬ್ಬರು ಟೋಪಿ ಹರಿದು, ಗ್ರೀಸು ಒಣಗಿ, ಧೂಳು ಹೊಕ್ಕು, ಉಕ್ಕನ್ನು ಉಕ್ಕೇ ಸವೆಸುತ್ತಿತ್ತು.

“ಇದು ಕಳಚಿಕೊಂಡ್ರೆ?” ಎಂದೆ.

“ಕಳಚಿಕೊಂಡ್ರೆ ನಿಮ್ಮ ಕೈ ಒಂದು ಕಡೆ, ಈ ಚಕ್ರ ಒಂದು ಕಡೆ.”

ಅದು ಎಡಗಡೆಯ ಚಕ್ರ. ಅಕ್ಕ ಕೂರುವ ಮಗ್ಗುಲು.

ಟೈರಿನ ಅಂಗಡಿಯವನ ಮಾತು ನನಗೆ ನೆನಪಾದದ್ದು ಆಗ. ಸೀಸ ಹೊಡೆದಿದ್ದರೆ ಹತ್ತು ನಿಮಿಷದಲ್ಲಿ ನಡುಕ ಅಡಗುತ್ತಿತ್ತು. ಕಾರು ಬಾಯಿ ಮುಚ್ಚುತ್ತಿತ್ತು. ನಾವು ಸಂತೋಷದಿಂದ ಎಂಬತ್ತರಲ್ಲಿ ಮಂಡ್ಯಕ್ಕೆ ಹೋಗುತ್ತಿದ್ದೆವು. ಕೀಲು ಒಳಗೊಳಗೇ ಸವೆಯುತ್ತಿತ್ತು. ಅವನು ಮೋಸಗಾರನಲ್ಲ. ನಡುಕ ನಿಲ್ಲಿಸಿ ಎಂದವರಿಗೆ ನಡುಕ ನಿಲ್ಲಿಸಿಕೊಡುತ್ತಾನೆ. ಆದರೆ ನಡುಕವನ್ನು ನಿಲ್ಲಿಸುವುದೇ ಬೇರೆ, ಅದು ಏನು ಹೇಳುತ್ತಿದೆಯೆಂದು ಕೇಳುವುದೇ ಬೇರೆ. ಅಳುವ ಮಗುವಿನ ಬಾಯಿಗೆ ಸಕ್ಕರೆ ಹಾಕುವ ತಾಯಿಯೂ ಇದ್ದಾಳೆ, ಸೊಂಟದ ದಾರ ಬಿಗಿಯಾಗಿದೆಯೇ ಎಂದು ನೋಡುವ ತಾಯಿಯೂ ಇದ್ದಾಳೆ.

ಕೆಲಸಕ್ಕೆ ಮೇಸ್ತ್ರಿ ಒಂದು ಕ್ರಮ ಹೇಳಿದರು. ಮೊದಲು ಕೀಲು: ಎರಡೂ ಕಡೆಯದನ್ನು ಬದಲಾಯಿಸಿ, ನಟ್ಟು ಬಿಗಿದು, ಬಿಚ್ಚದಂತೆ ಸ್ಪ್ಲಿಟ್ ಪಿನ್ನು ಹಾಕುವುದು. ಗ್ರೀಸು ಕೇಳುವ ಕಡೆಗೆಲ್ಲ ಗ್ರೀಸು. ಆಮೇಲೆ ಹೊಸ ಟೈರು. ಆಮೇಲೆ ಯಂತ್ರದ ಮೇಲೆ ಬ್ಯಾಲೆನ್ಸಿಂಗು. ಕೈಯಿಂದ ತಿರುಗಿಸಿ ನೋಡಿದರೆ ಮೇಲುಕೆಳಗಿನ ಭಾರ ಮಾತ್ರ ತಿಳಿಯುತ್ತದೆ; ಒಳಮಗ್ಗುಲು ಹೊರಮಗ್ಗುಲುಗಳ ಭೇದ ಯಂತ್ರಕ್ಕೇ ತಿಳಿಯಬೇಕು. ಇದನ್ನು ಆ ಅಂಗಡಿಯಲ್ಲೇ ಮಾಡಿಸಿದೆವು. ಕಟ್ಟಕಡೆಗೆ ಅಲೈನ್‌ಮೆಂಟು, ಏಕೆಂದರೆ ಟೈ ರಾಡಿಗೆ ಕೈ ಹಾಕಿದ ಮೇಲೆ ಚಕ್ರಗಳ ಮುಖ ಬದಲಾಗಿಯೇ ಇರುತ್ತದೆ. ಮೊದಲೇ ಮಾಡಿಸಿದ್ದರೆ ಅದು ಮನೆ ಕಟ್ಟುವ ಮೊದಲು ಸುಣ್ಣ ಬಳಿದಂತೆ. ಚಕ್ರದ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕೆಂದು ಹುಡುಗನಿಗೆ ಎರಡು ಸಲ ಹೇಳಿದರು. ನಾಲ್ಕು ಟೈರು ಸೇರಿದರೂ ಖರ್ಚು ಆ ಪಟ್ಟಿಯ ಅರ್ಧ ಮುಟ್ಟಲಿಲ್ಲ.

ಹೆದ್ದಾರಿಯಲ್ಲಿ ಓಡಿಸಿ ನೋಡಲು ಮೇಸ್ತ್ರಿಯೇ ಪಕ್ಕದಲ್ಲಿ ಕುಳಿತು ಬಂದರು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಸ್ಟಿಯರಿಂಗು ಸುಮ್ಮನಿತ್ತು. ಪೂರ್ತಿ ಸುಮ್ಮನೆ ಎಂದರೆ ಸುಳ್ಳಾದೀತು; ರಸ್ತೆಯ ಕೂಡುಗೆರೆ, ಡಾಂಬರಿನ ತೇಪೆ ಇವೆಲ್ಲ ಬೆರಳಿಗೆ ತಿಳಿಯುತ್ತಿದ್ದವು. ಅಷ್ಟು ತಿಳಿಯಬೇಕು ಎಂದರು ಮೇಸ್ತ್ರಿ. ಈಗಿನ ಕಾರುಗಳಲ್ಲಿ ವಿದ್ಯುತ್ತಿನ ಬಲದಿಂದ ತಿರುಗುವ ಸ್ಟಿಯರಿಂಗು ಇಂಥ ಸಣ್ಣಪುಟ್ಟ ಸಮಾಚಾರವನ್ನು ಬಹುಮಟ್ಟಿಗೆ ನಡುವೆಯೇ ನುಂಗಿಕೊಳ್ಳುತ್ತದೆ. ಕೈಗೆ ಹಿತ, ನಿಜ. ಆದರೆ ಕಾರಿನ ಕೀಲಿಗೂ ಓಡಿಸುವವನ ಅಂಗೈಗೂ ನೇರವಾದ ಮಾತುಕತೆಯಿದ್ದ ಗಾಡಿಗಳು ಕಡಿಮೆಯಾಗುತ್ತಿವೆ. ಆ ಮಾತನ್ನು ಬಿಡಿಸಿ ಹೇಳುವವರೂ ಕಡಿಮೆಯಾಗುತ್ತಿದ್ದಾರೆ. ಮೇಸ್ತ್ರಿಯ ಇಬ್ಬರು ಮಕ್ಕಳೂ ಬೇರೆ ಕೆಲಸದಲ್ಲಿದ್ದಾರೆ. ಶೆಡ್ಡಿನ ಹುಡುಗನೊಬ್ಬ ಉಳಿದಿದ್ದಾನೆ. ನಾನು ಹಣ ಎಣಿಸಿ ಕೊಡುವಾಗ ಅವರು ಅವನನ್ನು ಕರೆದು, ಬಿಚ್ಚಿದ ಹಳೆಯ ಕೀಲನ್ನೂ ಹೊಸದೊಂದನ್ನೂ ಅವನ ಎರಡು ಕೈಗೆ ಕೊಟ್ಟು, “ಅಲ್ಲಾಡಿಸಿ ನೋಡು, ಮರೀಬೇಡ” ಎನ್ನುತ್ತಿದ್ದರು.

ನವೆಂಬರಿನ ಪರೀಕ್ಷೆಯಲ್ಲಿ ಕಾರು ತೇರ್ಗಡೆಯಾಯಿತು. ಸೋದರಳಿಯ ಏನೂ ಹೇಳಲಿಲ್ಲ. ಶುಲ್ಕದ ರಸೀತಿಯನ್ನು ಒಮ್ಮೆ ನೋಡಿ ಮಡಿಸಿ ಕೊಟ್ಟ. ಮುಂದಿನ ತಿಂಗಳು ಅಕ್ಕನನ್ನು ಕರೆತರುವಾಗ ದಾರಿಯಲ್ಲಿ ಸುದ್ದಿ ಹೇಳಿದೆ. ಆಕೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, ಜ್ವರ ಬಿಟ್ಟಿದೆಯೆಂದು ಖಾತ್ರಿ ಮಾಡಿಕೊಂಡು, ಸ್ವಲ್ಪ ಹೊತ್ತು ಹೊರಗಿನ ಗದ್ದೆಗಳನ್ನು ನೋಡುತ್ತಿದ್ದಳು. “ಇದಕ್ಕೆ ಸರ್ಕಾರದವರು ಇನ್ನೂ ಐದು ವರ್ಷ ಬರೆದುಕೊಟ್ಟರೇನೋ?” ಎಂದು ಕೇಳಿದಳು. ಹೌದೆಂದೆ.

“ಹತ್ತು ಸಾವಿರಕ್ಕೆ ಐದು ವರ್ಷವೆಂದರೆ ಹೆಚ್ಚಾಗಲಿಲ್ಲ ಬಿಡು. ನನಗೂ ಬರೆದುಕೊಡುತ್ತಾರೇನೋ ವಿಚಾರಿಸು.”